ಹದಿಮೂರೇ ಪಂದ್ಯಕ್ಕೆ ಹತ್ತು ತಿಂಗಳ ವಾದ

ಕುಂಬಳೆ ಪೇಟೆಯಲ್ಲಿ ನಾನು ಕೂದಲು ತೆಗೆಸುವ ಅಂಗಡಿಯ ಕನ್ನಡಿಯಲ್ಲಿ ಎರಡು ಸ್ಟಿಕ್ಕರ್ ಉಂಟು. ಎರಡೂ ಫುಟ್ಬಾಲ್ ಕ್ಲಬ್ಬಿನದ್ದು. ಎಡಗಡೆ ಕೇರಳ ಬ್ಲಾಸ್ಟರ್ಸ್‌ನ ಆನೆ, ಬಲಗಡೆ ಬೆಂಗಳೂರು ಎಫ್‌ಸಿಯ ನೀಲಿ ಲಾಂಛನ. ಆನೆ ಅಂಗಡಿಯವರದ್ದು. ನೀಲಿ ಅವರ ಅಳಿಯನದ್ದು, ಬೆಂಗಳೂರಿನಲ್ಲಿ ಮೂರು ವರ್ಷ ಇದ್ದು ಬಂದ ಹುಡುಗ. 2026ರ ಹೊಸ ವರ್ಷದ ವಾರ ಹೋದಾಗ ಇಬ್ಬರೂ ಜೋರಿನಲ್ಲಿದ್ದರು.

“ನಿಮ್ಮ ಕ್ಯಾಪ್ಟನ್ ಹೋದ್ನಲ್ಲ ಮಾವ, ಇನ್ನೆಂತ ಮಾಡ್ತೀರಿ?”

“ಹೋದದ್ದಲ್ಲ ಮಾರಾಯ. ಲೋನಿಗೆ ಕೊಟ್ಟದ್ದು.”

“ಎರಡೂ ಒಂದೇ. ಆಡ್ಲಿಕ್ಕೆ ಇಲ್ಲ ಅಲ್ವಾ?”

ಕತ್ತರಿ ನನ್ನ ಕಿವಿಯ ಹತ್ತಿರ ನಿಂತೇ ಬಿಟ್ಟಿತು. ನಾನು ಸುಮ್ನೆ ಕೂತೆ. ಹೀಗೆ ನಿಂತ ಕತ್ತರಿ ಯಾವ ಕಡೆ ಹೋಗುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ.

ಇಬ್ಬರೂ ಹೇಳಿದ್ದು ಸರಿಯೇ. ಆ ಕ್ಯಾಪ್ಟನ್ ಉರುಗ್ವೆಯ ಆಡ್ರಿಯಾನ್ ಲೂನಾ, ಬ್ಲಾಸ್ಟರ್ಸ್‌ಗೆ 2021ರಲ್ಲಿ ಬಂದವರು. ಆ ಸೀಸನ್ ಮುಗಿಯುವ ತನಕ ವಿದೇಶದ ಕ್ಲಬ್ಬಿಗೆ ಲೋನ್ ಮೇಲೆ ಹೋಗುತ್ತಾರೆ ಅಂತ ಕ್ಲಬ್ ಜನವರಿಯ ಮೊದಲ ದಿನವೇ ತಿಳಿಸಿತು. ಲೋನ್ ಅಂದರೆ, ಹಿಂದೆ ನಮ್ಮಲ್ಲಿ ಉಳುಮೆಯ ಸಮಯಕ್ಕೆ ಕೋಣದ ಜೋಡಿಯನ್ನು ಆಚೆಮನೆಗೆ ಕೊಡುತ್ತಿದ್ದರಲ್ಲ, ಹಾಗೆ. ಕೋಣ ನಮ್ಮದು, ಅಷ್ಟು ದಿನದ ಮೇವು ಅವರದ್ದು. ಕರಾರು ಹಳೆಯ ಕ್ಲಬ್ಬಿನ ಜೊತೆಗೇ ಇರುತ್ತದೆ. ಸಂಬಳದ ಭಾರ ಪೂರ್ತಿಯೋ ಅರ್ಧವೋ ಹೊಸ ಕ್ಲಬ್ಬಿನ ತಲೆಗೆ ಹೋಗುತ್ತದೆ. ಮಾವನಿಗೆ ಕೋಣ ತನ್ನದು ಅನ್ನುವ ಸಮಾಧಾನ. ಅಳಿಯನಿಗೆ ಗದ್ದೆ ಉಳಲಿಕ್ಕೆ ಕೋಣ ಇಲ್ಲ ಅನ್ನುವ ಖುಷಿ.

ಇಷ್ಟಕ್ಕೂ ಆಟಗಾರನನ್ನು ಲೋನಿಗೆ ಕೊಡುವ ಗತಿ ಯಾಕೆ ಬಂತು? ಯಾಕೆಂದರೆ ಲೀಗೇ ಇರಲಿಲ್ಲ.

ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನ ಕಳೆದ ಫೈನಲ್ ಆದದ್ದು 2025ರ ಏಪ್ರಿಲ್ 12ಕ್ಕೆ. ಮೋಹನ್ ಬಗಾನ್ 2-1ರಿಂದ ಬೆಂಗಳೂರನ್ನು ಸೋಲಿಸಿತು. ಮಾಮೂಲಿಯಾಗಿ ಸೆಪ್ಟೆಂಬರ್‌ಗೆ ಮುಂದಿನ ಸೀಸನ್ ಶುರುವಾಗಬೇಕು. ಜುಲೈ 11ಕ್ಕೆ ಲೀಗ್ ನಡೆಸುವ ಕಂಪೆನಿ ಎಲ್ಲವನ್ನೂ ನಿಲ್ಲಿಸಿತು. ಆ ಕಂಪೆನಿಗೂ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ನಿಗೂ 2010ರಲ್ಲಿ 15 ವರ್ಷಕ್ಕೆ 700 ಕೋಟಿಯ ಒಪ್ಪಂದ ಆಗಿತ್ತು. ಅದು ಮುಗಿಯುವುದು 2025ರ ಡಿಸೆಂಬರ್ 8ಕ್ಕೆ, ಅಂದರೆ ಸೀಸನ್ನಿನ ನಟ್ಟನಡುವೆ. ಡಿಸೆಂಬರಿಗೆ ಲೀಸು ಮುಗಿಯುವ ಅಂಗಡಿಗೆ ಯಾರಾದರೂ ದೀಪಾವಳಿಯ ಸರಕು ತುಂಬಿಸುತ್ತಾರಾ? ಹೊಸ ಟೆಂಡರ್ ಕರೆದರು. ನವೆಂಬರಿನ ಗಡುವು ಮುಗಿದಾಗ ನೋಡಿದರೆ ಒಬ್ಬರೂ ಹಾಕಿರಲಿಲ್ಲ. ವಿಷಯ ಸುಪ್ರೀಂ ಕೋರ್ಟಿನಲ್ಲೂ ಇತ್ತು. 2026ರ ಜನವರಿ 2ಕ್ಕೆ ಸುನಿಲ್ ಛೆಟ್ರಿ, ಗುರ್‌ಪ್ರೀತ್ ಸಿಂಗ್ ಸಂಧು, ಸಂದೇಶ್ ಜಿಂಗನ್‌ನಂಥವರು ವಿಡಿಯೊ ಮಾಡಿ, ನಮ್ಮನ್ನು ಕಾಪಾಡಿ ಅಂತ ಫಿಫಾವನ್ನೇ ಕೇಳಿಕೊಂಡರು. ಕೊನೆಗೆ ಜನವರಿ 6ಕ್ಕೆ ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವಿಯ ಫೆಬ್ರವರಿ 14ರಿಂದ ಲೀಗ್ ಶುರು ಅಂದರು. 14 ತಂಡ, 91 ಪಂದ್ಯ.

ಅಂದರೆ ಹತ್ತು ತಿಂಗಳು ಆಟ ಇಲ್ಲ. ಹತ್ತು ತಿಂಗಳೂ ವಾದ ಮಾತ್ರ ನಿಲ್ಲಲಿಲ್ಲ.

ಮಂಜೇಶ್ವರದಿಂದ ಕಾಸರಗೋಡಿನ ತನಕದ ಕನ್ನಡಿಗರಿಗೆ ಈ ವಾದದಲ್ಲಿ ಒಂದು ವಿಶೇಷ ಸಂಕಟ ಉಂಟು. ಊರು ಕೇರಳದ್ದು, ಪತ್ರಿಕೆ ಕನ್ನಡದ್ದು. ಮಕ್ಕಳು ಕಲಿಯಲಿಕ್ಕೆ ಹೋಗುವುದು ಮಂಗಳೂರಿಗೆ, ಕೆಲಸಕ್ಕೆ ಬೆಂಗಳೂರಿಗೆ ಇಲ್ಲವೇ ಗಲ್ಫಿಗೆ. 2022ರಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಸೆಮಿಫೈನಲ್‌ನಲ್ಲಿ ಕೇರಳ 7-3ರಿಂದ ಕರ್ನಾಟಕವನ್ನು ಹೊಡೆದು ಹಾಕಿದಾಗ, ಬದಲಿ ಆಟಗಾರನಾಗಿ ಬಂದ ಜೆಸಿನ್ ಒಬ್ಬನೇ ಐದು ಗೋಲು ಹೊಡೆದಾಗ, ನಮ್ಮ ಮನೆಯಲ್ಲಿ ಚಪ್ಪಾಳೆಯೂ ಇತ್ತು, ಚಾನೆಲ್ ಬದಲಿಸುವ ಕೈಯೂ ಇತ್ತು. ಮರುವರ್ಷ ರಿಯಾದ್‌ನಲ್ಲಿ ಕರ್ನಾಟಕ ಅದೇ ಟ್ರೋಫಿ ಗೆದ್ದಿತು, 54 ವರ್ಷಗಳ ನಂತರ. ಆಗ ಚಪ್ಪಾಳೆ ತಟ್ಟಿದವರು ಬೇರೆ.

ಬ್ಲಾಸ್ಟರ್ಸ್ ಮತ್ತು ಬೆಂಗಳೂರಿನ ನಡುವೆ ಬೆಂಕಿ ಹತ್ತಿದ್ದು 2023ರ ಮಾರ್ಚ್ 3ಕ್ಕೆ. ಕಂಠೀರವದಲ್ಲಿ ನಾಕೌಟ್ ಪಂದ್ಯ, ಹೆಚ್ಚುವರಿ ಸಮಯ. ಎದುರಿನವರು ಸಾಲಾಗಿ ನಿಂತು ಗೋಡೆ ಕಟ್ಟುವ ಮೊದಲೇ ಬೆಂಗಳೂರಿನ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಮಾಡಿದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕಮನೊವಿಚ್ ತಂಡವನ್ನೇ ಮೈದಾನದಿಂದ ಕರೆದುಕೊಂಡು ಹೋದರು. ಕ್ಲಬ್ಬಿಗೆ 4 ಕೋಟಿ ದಂಡ, ಕೋಚ್‌ಗೆ 10 ಪಂದ್ಯದ ನಿಷೇಧ. ಅದು ಗೋಲು ಹೌದೋ ಅಲ್ಲವೋ ಅನ್ನುವುದು ನಮ್ಮ ಕ್ಷೌರದಂಗಡಿಯಲ್ಲಿ ಈಗಲೂ ಇತ್ಯರ್ಥ ಆಗದ ಕೇಸು.

ಇನ್ನು ಆಟಗಾರರ ವಿಷಯಕ್ಕೆ ಬರುತ್ತೇನೆ. ಆಟ ಇಲ್ಲದ ತಿಂಗಳುಗಳಲ್ಲಿ ಜನ ಹೆಚ್ಚು ಮಾತಾಡುವುದು ವಿದೇಶಿ ಆಟಗಾರರ ಬಗ್ಗೆ. ಯಾವ ಸ್ಪೇನಿನವನು ಬರುತ್ತಾನೆ, ಯಾವ ಗ್ರೀಕಿನವನು ಹೋಗುತ್ತಾನೆ ಅಂತ. ಅದರಲ್ಲಿ ತಪ್ಪೇನೂ ಇಲ್ಲ. ಬ್ಲಾಸ್ಟರ್ಸ್‌ನ ಕಥೆ ನೋಡಿದರೆ ಆ ಭಯ ಸಹಜ. 2023-24ರಲ್ಲಿ 13 ಗೋಲು ಹೊಡೆದು ಗೋಲ್ಡನ್ ಬೂಟ್ ಪಡೆದ ದಿಮಿತ್ರಿಯೋಸ್ ದಿಯಾಮಂತಾಕೋಸ್ ಮಳೆಗಾಲಕ್ಕೆ ಈಸ್ಟ್ ಬೆಂಗಾಲಿಗೆ ಹೋದರು. ಅವರ ಜಾಗಕ್ಕೆ ಬಂದ ಹೆಸೂಸ್ ಹಿಮೆನೆಸ್ 11 ಗೋಲು ಹೊಡೆದು ಮುಂದಿನ ಮಳೆಗಾಲಕ್ಕೆ ಪೋಲೆಂಡಿಗೆ ಹೋದರು. ಆಮೇಲೆ ಕೋಲ್ಡೊ ಒಬಿಯೆಟಾ ಬಂದರು. ಅವರನ್ನು ನಾವು ನೋಡಿದ್ದು ಗೋವಾದ ಸೂಪರ್ ಕಪ್ಪಿನಲ್ಲಿ ಮಾತ್ರ. ಅಷ್ಟರಿಂದ ಏನು ಹೇಳುವುದು? ಆದರೂ ನಮ್ಮವರು ಹೇಳುತ್ತಾರೆ, ಅದೂ ಬೆಟ್ ಕಟ್ಟಿ.

ನನಗೆ ಕಾಣುವುದು ಬೇರೆ ಲೆಕ್ಕ. ಮೈದಾನದಲ್ಲಿ ಒಂದು ಹೊತ್ತಿಗೆ ನಾಲ್ಕು ಜನ ವಿದೇಶಿಗಳು ಇರಬಹುದು. ಉಳಿದ ಏಳು ಜನ ಭಾರತದವರೇ ಆಗಬೇಕು. ವಿದೇಶಿ ಆಟಗಾರ ಸಿಗುವ ಮಾರುಕಟ್ಟೆ ದೊಡ್ಡದು. ಒಬ್ಬ ಹೋದರೆ ಇನ್ನೊಬ್ಬ ಸಿಗುತ್ತಾನೆ, ಸ್ವಲ್ಪ ಕಮ್ಮಿ ಸ್ವಲ್ಪ ಜಾಸ್ತಿ. ಭಾರತದ ಒಳ್ಳೆಯ ಆಟಗಾರ ಅಂದರೆ ನಮ್ಮ ತೋಟಕ್ಕೆ ಅಡಿಕೆ ಮರ ಹತ್ತುವವನು ಇದ್ದ ಹಾಗೆ. ಊರಿಗೆ ನಾಲ್ಕು ಜನ, ತೋಟ ನಲವತ್ತು. ಮಳೆ ಎರಡು ದಿನ ಬಿಟ್ಟಿತು ಅಂದ ಕೂಡಲೇ ಎಲ್ಲರ ಫೋನೂ ಅವನಿಗೇ. ಅವನನ್ನು ಬಿಟ್ಟುಕೊಟ್ಟವನ ತೋಟಕ್ಕೆ ಕೊಳೆರೋಗ ಖಂಡಿತ.

ಹೀಗೆ ನೋಡಿದರೆ ಬ್ಲಾಸ್ಟರ್ಸ್‌ಗೆ ನಿಜವಾದ ಏಟು ಬಿದ್ದದ್ದು ದಿಯಾಮಂತಾಕೋಸ್ ಹೋದಾಗ ಅಲ್ಲ. 2023ರಲ್ಲಿ ಸಹಲ್ ಅಬ್ದುಲ್ ಸಮದ್ ಮೋಹನ್ ಬಗಾನ್‌ಗೆ ಹೋದರು, 2024ರಲ್ಲಿ ಜೀಕ್ಸನ್ ಸಿಂಗ್ ಈಸ್ಟ್ ಬೆಂಗಾಲಿಗೆ ಹೋದರು. ಪೆಟ್ಟು ಬಿದ್ದದ್ದು ಅಲ್ಲಿ. ಇಬ್ಬರೂ ಮಧ್ಯದ ಆಟಗಾರರು, ಇಬ್ಬರೂ ಭಾರತ ತಂಡದವರು. ದುಡ್ಡು ಬಂತು, ಜಾಗ ಖಾಲಿ ಆಯಿತು. 2024-25ರಲ್ಲಿ ತಂಡ ಎಂಟನೇ ಸ್ಥಾನಕ್ಕೆ ಇಳಿಯಿತು. ಅದೇ ಸೀಸನ್ನಿನಲ್ಲಿ ಬೆಂಗಳೂರು ಕೊಚ್ಚಿಯಲ್ಲಿ 3-1, ಕಂಠೀರವದಲ್ಲಿ 4-2 ಹೊಡೆಯಿತು. ಎರಡನೆಯದರಲ್ಲಿ ಛೆಟ್ರಿಯ ಹ್ಯಾಟ್ರಿಕ್. ವಯಸ್ಸು ಆಗ 40.

ಈ 40 ಅನ್ನುವ ಸಂಖ್ಯೆಯಲ್ಲಿ ನಮ್ಮ ಫುಟ್ಬಾಲಿನ ರೋಗ ಪೂರ್ತಿ ಕಾಣುತ್ತದೆ. ಆ ಸೀಸನ್ನಿನಲ್ಲಿ ಛೆಟ್ರಿ 14 ಗೋಲು ಹೊಡೆದರು. ಭಾರತದ ಆಟಗಾರರಲ್ಲಿ ಅವರಿಗಿಂತ ಜಾಸ್ತಿ ಯಾರೂ ಹೊಡೆಯಲಿಲ್ಲ. 2024ರ ಜೂನ್‌ನಲ್ಲಿ ದೇಶದ ತಂಡದಿಂದ ನಿವೃತ್ತಿ ಆದವರನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಕರೆದರು. ಯಾಕೆ? ಗೋಲು ಹೊಡೆಯುವ ಇನ್ನೊಬ್ಬ ಇರಲಿಲ್ಲ. ಯಾಕೆ ಇರಲಿಲ್ಲ? ಪ್ರತಿ ಕ್ಲಬ್ಬೂ ತನ್ನ ನಾಲ್ಕು ವಿದೇಶಿಗಳಲ್ಲಿ ಒಬ್ಬನನ್ನು ಮುಂದೆ ನಿಲ್ಲಿಸುತ್ತದೆ. ಗೋಲಿಗೆ ಬೆಲೆ ಜಾಸ್ತಿ, ಆ ಜಾಗದಲ್ಲಿ ರಿಸ್ಕ್ ತೆಗೆದುಕೊಳ್ಳಲಿಕ್ಕೆ ಯಾರಿಗೂ ಧೈರ್ಯ ಇಲ್ಲ. ಕ್ಲಬ್ಬಿನ ದೃಷ್ಟಿಯಲ್ಲಿ ಅದು ಸರಿ. ಆದರೆ ಫಾರ್ವರ್ಡ್ ಆಗಬೇಕಾಗಿದ್ದ ಹುಡುಗ ಬೆಂಚಿನಲ್ಲಿ ಕೂರುತ್ತಾನೆ, ಇಲ್ಲವೇ ವಿಂಗಿಗೆ ಹೋಗುತ್ತಾನೆ. 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 1-0ರಿಂದ ಸೋತೆವಲ್ಲ, ಆ ರಾತ್ರಿ ನೆನಪಾದದ್ದು ಇದೇ.

ಅದೇ ತಿಂಗಳು ಇನ್ನೊಂದು ಸಂಗತಿ ಆಯಿತು. ಬೆಂಗಳೂರಿನ ವಿಂಗರ್ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟು ಭಾರತದ ಪೌರತ್ವ ತೆಗೆದುಕೊಂಡರು. ದೇಶದ ತಂಡಕ್ಕೆ ಏನು ಲಾಭ ಅನ್ನುವ ಚರ್ಚೆ ಬೇಕಾದಷ್ಟು ಆಯಿತು. ಅಳಿಯ ಮಾತ್ರ ಬೇರೆಯೇ ಲೆಕ್ಕ ಹಾಕಿದ್ದ. “ಮಾವ, ಈಗ ಅವರು ನಮ್ಮ ಏಳರಲ್ಲಿ ಬರ್ತಾರೆ. ನಾಲ್ಕು ಸೀಟು ಮತ್ತೆ ಖಾಲಿ.” ಅಂಗಡಿಯವರಿಗೆ ಇದಕ್ಕೆ ಉತ್ತರ ಸಿಗಲಿಲ್ಲ. ಈ ಹತ್ತು ತಿಂಗಳಲ್ಲಿ ನಾನು ಕೇಳಿದ ಅತ್ಯಂತ ಬುದ್ಧಿವಂತಿಕೆಯ ಮಾತು ಅದು ಅಂತ ನನ್ನ ಅಭಿಪ್ರಾಯ. ಅಂಗಡಿಯವರ ಎದುರು ಹೇಳಲಿಲ್ಲ, ಕತ್ತರಿ ಅವರ ಕೈಯಲ್ಲೇ ಇತ್ತು.

ಫಾರ್ವರ್ಡ್ ವಿಷಯ ಬಂದಾಗ ನಮ್ಮ ಜಿಲ್ಲೆಯವರು ಒಬ್ಬರನ್ನು ನೆನೆಯದೆ ಇರಲಿಕ್ಕಾಗುವುದಿಲ್ಲ. ಮೊಹಮ್ಮದ್ ರಫಿ, ತೃಕ್ಕರಿಪುರದವರು. 2016ರ ಫೈನಲ್, ಕೊಚ್ಚಿ ಪೂರ್ತಿ ಹಳದಿ. ಕಾರ್ನರಿನಿಂದ ಬಂದ ಚೆಂಡಿಗೆ ತಲೆ ಕೊಟ್ಟು ಬ್ಲಾಸ್ಟರ್ಸ್‌ಗೆ ಮೊದಲ ಗೋಲು ತಂದುಕೊಟ್ಟದ್ದು ಇದೇ ರಫಿ. ಕೋಲ್ಕತ್ತ ಸಮ ಮಾಡಿತು, ಪೆನಾಲ್ಟಿಯಲ್ಲಿ 4-3ರಿಂದ ಗೆದ್ದಿತು. ಬ್ಲಾಸ್ಟರ್ಸ್ ಫೈನಲ್ ಸೋತದ್ದು ಮೂರು ಸಲ: 2014, 2016, 2022. ರಫಿ 2014ರಲ್ಲಿ ಕೋಲ್ಕತ್ತದ ತಂಡದಲ್ಲಿದ್ದರು, 2018ರಲ್ಲಿ ಚೆನ್ನೈಯಿನ್ ತಂಡದಲ್ಲಿದ್ದರು. ಎರಡೂ ಕಪ್ ಗೆದ್ದವು. ತನ್ನ ರಾಜ್ಯದ ತಂಡದಲ್ಲಿದ್ದಾಗ ಮಾತ್ರ ಕಪ್ ಸಿಗಲಿಲ್ಲ. ತೆಂಕಣ ಕಾಸರಗೋಡಿನವರಿಗೆ ಇದು ಗಾಯದ ಮೇಲೆ ಉಪ್ಪು.

ರಫಿ ಬೆಳೆದ ದಾರಿ ಈಗ ಇಲ್ಲ. ಅವರು ಆಡಿ ಬಂದದ್ದು ಸ್ಟೇಟ್ ಬ್ಯಾಂಕ್ ಆಫ್ ತಿರುವಾಂಕೂರಿನ ತಂಡದಿಂದ. ಆಗ ಬ್ಯಾಂಕು, ಪೊಲೀಸ್, ವಿದ್ಯುತ್ ಇಲಾಖೆ ಆಟಗಾರನಿಗೆ ಕೆಲಸ ಕೊಡುತ್ತಿದ್ದವು. ಆಟ ನಿಂತರೂ ಕುರ್ಚಿ ಇರುತ್ತಿತ್ತು. 2017ರಲ್ಲಿ ಆ ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ಈಗಿನ ಹುಡುಗನಿಗೆ ಕ್ಲಬ್ಬಿನ ಕರಾರು ಒಂದೇ ಆಧಾರ. ಕರಾರು ಎಷ್ಟು ಗಟ್ಟಿ ಅಂತ 2025ರ ಆಗಸ್ಟ್‌ನಲ್ಲಿ ಗೊತ್ತಾಯಿತು. ಲೀಗ್ ನಿಂತದ್ದಕ್ಕೆ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ಕಳೆದ ಫೈನಲ್ ಆಡಿದ ತಂಡದ ಸ್ಥಿತಿ ಇದಾದರೆ ಉಳಿದವರ ಪಾಡು?

ಕರಾರಿನ ಬಗ್ಗೆ ಇನ್ನೊಂದು ಮಾತು. ಕರಾರು ಮುಗಿಯಲಿಕ್ಕೆ ಆರು ತಿಂಗಳು ಉಳಿದಾಗ ಆಟಗಾರ ಬೇರೆ ಕ್ಲಬ್ಬಿನ ಜೊತೆ ಮಾತಾಡಬಹುದು. ಮುಗಿದ ಮೇಲೆ ಹಳೆಯ ಕ್ಲಬ್ಬಿಗೆ ಒಂದು ರೂಪಾಯಿ ಕೊಡದೆ ಹೋಗಬಹುದು. ಅದಕ್ಕೇ ಕ್ಲಬ್ಬುಗಳು ಒಂದು ವರ್ಷ ಉಳಿದಿರುವಾಗಲೇ ಒಳ್ಳೆಯ ಆಟಗಾರನನ್ನು ಮಾರಿಬಿಡುತ್ತವೆ. ನಾವು “ಯಾಕೆ ಮಾರಿದ್ರು?” ಅಂತ ಬೊಬ್ಬೆ ಹೊಡೆಯುವಾಗ ಕೇಳಬೇಕಾದ್ದು ಕರಾರು ಯಾವ ತಾರೀಖಿಗೆ ಮುಗಿಯುತ್ತಿತ್ತು ಅಂತ. ಆ ತಾರೀಖು ಗೊತ್ತಿದ್ದರೆ ಅರ್ಧ ಜಗಳ ಬೇಡವೇ ಬೇಡ. (ಬೇಡವಾದರೆ ಮಳೆಗಾಲ ಕಳೆಯುವುದು ಹೇಗೆ ಅನ್ನುವುದು ಬೇರೆ ಪ್ರಶ್ನೆ.)

ಈಗ 2026ರ ಫೆಬ್ರವರಿಯ ಸೀಸನ್ನಿನ ಲೆಕ್ಕ. 14 ತಂಡ, 91 ಪಂದ್ಯ ಅಂದರೆ ಪ್ರತಿ ತಂಡಕ್ಕೆ 13 ಆಟ. ಪ್ರತಿಯೊಬ್ಬರ ಜೊತೆ ಒಂದೇ ಸಲ. ಕಳೆದ ಸೀಸನ್ನಿನಲ್ಲಿ, ಅಂದರೆ 2024-25ರಲ್ಲಿ, 24 ಇತ್ತು. ಈ ವ್ಯತ್ಯಾಸ ಸಣ್ಣದಲ್ಲ. ಕಳೆದ ಸಲ ಬ್ಲಾಸ್ಟರ್ಸ್ ಮೊದಲ 12 ಪಂದ್ಯದಲ್ಲಿ ಗೆದ್ದದ್ದು ಮೂರು, ಸೋತದ್ದು ಏಳು. 11 ಅಂಕ. ಕೋಚ್ ಮಿಕಾಯೆಲ್ ಸ್ಟಾಹ್ರೆಯನ್ನು ಡಿಸೆಂಬರ್‌ನಲ್ಲಿ ಮನೆಗೆ ಕಳಿಸಿದರು. ಉಳಿದ 12ರಲ್ಲಿ ತಂಡ 18 ಅಂಕ ಮಾಡಿ ಒಟ್ಟು 29ಕ್ಕೆ ಏರಿತು. ಅಂದರೆ ಹಾಳಾದ ಅರ್ಧವನ್ನು ಇನ್ನೊಂದು ಅರ್ಧ ಸ್ವಲ್ಪ ಮುಚ್ಚಿತು. ಈ ಸಲ 12 ಪಂದ್ಯ ಮುಗಿಯುವಾಗ ಉಳಿಯುವುದು ಒಂದೇ. ಕೋಚ್ ಬದಲಿಸಿ, ಹೊಸಬನಿಗೆ ತಂಡ ಅರ್ಥ ಆಗಿ, ಸುಧಾರಿಸುವಷ್ಟರಲ್ಲಿ ಟೆಂಟ್ ಬಿಚ್ಚಿ ಆಗಿರುತ್ತದೆ.

ಹಾಗಾಗಿ ಯಾರು ಫಾರ್ಮಿಗೆ ಬೇಗ ಬರುತ್ತಾರೆ ಅನ್ನುವುದೇ ದೊಡ್ಡ ಪ್ರಶ್ನೆ. ಹತ್ತು ತಿಂಗಳು ಸರಿಯಾದ ಪಂದ್ಯ ಆಡದ ಕಾಲುಗಳು. ಸೂಪರ್ ಕಪ್ ಒಂದು ಇತ್ತು, ಡಿಸೆಂಬರಿಗೆ ಅದೂ ಮುಗಿಯಿತು, ಗೋವಾ ಗೆದ್ದಿತು. ಲೂನಾನಂಥ ಆಟಗಾರ ಇಲ್ಲದಿರುವುದು 24 ಪಂದ್ಯದ ಲೀಗ್‌ನಲ್ಲಿ ನಿಧಾನಕ್ಕೆ ಕೊಲ್ಲುತ್ತದೆ. 13ರಲ್ಲಿ ಒಬ್ಬ ಗೋಲಿ ಮೂರು ಪಂದ್ಯ ಮನಸ್ಸಿಟ್ಟು ಹಿಡಿದರೆ ಆ ಕೊರತೆ ಮುಚ್ಚಿಯೂ ಹೋಗಬಹುದು. ನನ್ನ ಲೆಕ್ಕದಲ್ಲಿ ಬೆಂಗಳೂರಿನ ಕೈ ಮೇಲಿದೆ. ಅವರಲ್ಲಿ ಭಾರತದ ಆಟಗಾರರು ಗಟ್ಟಿ, ವಿಲಿಯಮ್ಸ್ ಲೆಕ್ಕ ಬೇರೆ. ಆದರೆ 41 ದಾಟಿದ ಛೆಟ್ರಿಯ ಕಾಲು ಹತ್ತು ತಿಂಗಳ ವಿಶ್ರಾಂತಿಯಿಂದ ಚುರುಕಾಗಿದೆಯೋ ಜಡ ಆಗಿದೆಯೋ, ಅದರ ಮೇಲೆ ತುಂಬಾ ನಿಂತಿದೆ.

ಮೊನ್ನೆ ಬಂದ್ಯೋಡಿನ ಆಚೆ ಒಂದು ಗದ್ದೆಯಲ್ಲಿ ಸೆವೆನ್ಸ್, ಅಂದರೆ ತಂಡಕ್ಕೆ ಏಳು ಜನರ ಫುಟ್ಬಾಲ್, ನೋಡಲಿಕ್ಕೆ ಹೋಗಿದ್ದೆ. ಕೊಯ್ಲು ಆದ ಗದ್ದೆ, ಅಡಿಕೆ ಮರ ಕಟ್ಟಿ ಮಾಡಿದ ಗ್ಯಾಲರಿ, ನಾಲ್ಕು ಮೂಲೆಗೆ ಲೈಟು. ಧೂಳು ಏಳದ ಹಾಗೆ ಟ್ಯಾಂಕರಿನಿಂದ ನೀರು ಬಿಟ್ಟಿದ್ದರು. ಮೈಕಿನವನು ಒಂದು ವಾಕ್ಯ ಮಲಯಾಳದಲ್ಲಿ, ಒಂದು ಕನ್ನಡದಲ್ಲಿ, ಬೈಯುವಾಗ ತುಳುವಿನಲ್ಲಿ. ಒಂದು ತಂಡದ ಮ್ಯಾನೇಜರ್ ಗೆರೆಯ ಹೊರಗೆ ಫೋನ್ ಹಿಡಿದು ಅತ್ತಿಂದಿತ್ತ ಓಡುತ್ತಿದ್ದ. ಅವನ ಫಾರ್ವರ್ಡ್ ಕಾಞಂಗಾಡಿನ ಹತ್ತಿರ ಇನ್ನೊಂದು ಪಂದ್ಯ ಮುಗಿಸಿ ಬರಬೇಕಿತ್ತು. ಅರ್ಧ ಆಟ ಆಗುವಾಗ ಓಮ್ನಿಯಲ್ಲಿ ಬಂದಿಳಿದ. ಜೆರ್ಸಿಯಲ್ಲಿ ಬೇರೆಯವನ ನಂಬರ್. ಅದರ ಮೇಲೆ ವಯರಿಗೆ ಸುತ್ತುವ ಕಪ್ಪು ಟೇಪಿನಲ್ಲಿ 9 ಅಂತ ಅಂಟಿಸಿದರು. ಐದು ನಿಮಿಷದಲ್ಲಿ ಗೋಲು. ಗ್ಯಾಲರಿ ನಡುಗಿತು.

ನವೆಂಬರಿನಿಂದ ಮೇ ತನಕ ಮಲಬಾರಿನಲ್ಲಿ ಇದೇ ಹಬ್ಬ. ಆಟಗಾರನಿಗೆ ಪಂದ್ಯದ ಲೆಕ್ಕದಲ್ಲಿ ದುಡ್ಡು, ಆ ರಾತ್ರಿಯೇ ಕೈಗೆ. ಆಫ್ರಿಕಾದಿಂದಲೂ ಹುಡುಗರು ಬಂದು ಆಡುತ್ತಾರೆ. ಫೆಡರೇಶನ್ ಇದನ್ನು ಒಪ್ಪುವುದಿಲ್ಲ. ಹಾಗಾಗಿ ಇಲ್ಲಿ ಆಡಿದ ಆಟಕ್ಕೆ ಯಾವ ದಾಖಲೆಯೂ ಇಲ್ಲ. ಇದರ ನಷ್ಟ ನಮ್ಮ ಊರಿನ ಕ್ಲಬ್ಬುಗಳಿಗೆ. ಫಿಫಾದ ನಿಯಮ ಒಂದು ಉಂಟು: ಆಟಗಾರ ದುಡ್ಡಿಗೆ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದರೆ, ಆ ದುಡ್ಡಿನ ಶೇ. 5ರಷ್ಟು ಅವನನ್ನು 12ರಿಂದ 23ರ ವಯಸ್ಸಿನ ತನಕ ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕು. ಅವನು ಆಗ ಆ ಕ್ಲಬ್ಬಿನಲ್ಲಿ ನೋಂದಣಿ ಆಗಿರಬೇಕು, ಅಷ್ಟೆ. ಟೇಪು ಅಂಟಿಸಿದ ಜೆರ್ಸಿಗೆ ಎಲ್ಲಿಯ ನೋಂದಣಿ?

ಸೂಪರ್ ಲೀಗ್ ಕೇರಳ ಬಂದಾಗ ಇದಕ್ಕೊಂದು ದಾರಿ ಆದೀತು ಅಂತ ಆಸೆ ಇತ್ತು. 2024ರಲ್ಲಿ ಮೊದಲ ಸೀಸನ್, ಕ್ಯಾಲಿಕಟ್ ಗೆದ್ದಿತು. 2025ರ ಡಿಸೆಂಬರ್‌ನಲ್ಲಿ ಕಣ್ಣೂರು ವಾರಿಯರ್ಸ್ ಗೆದ್ದಿತು. ಆರು ತಂಡ. ಉತ್ತರದ ತುದಿಗೆ ಕಣ್ಣೂರೇ ಕೊನೆ. ಕಾಸರಗೋಡಿಗೆ ತಂಡ ಇಲ್ಲ. ರೈಲಿನ ಸೌಲಭ್ಯದಿಂದ ಹಿಡಿದು ಆಸ್ಪತ್ರೆಯ ತನಕ ನಮಗಿದು ಅಭ್ಯಾಸ ಆಗಿದೆ, ಆದರೂ ಫುಟ್ಬಾಲಿನಲ್ಲಿ ಸ್ವಲ್ಪ ಜಾಸ್ತಿಯೇ ಉರಿಯುತ್ತದೆ.

ಸೆವೆನ್ಸ್ ನೋಡಿ ಬಂದ ಮರುದಿನ ಅಂಗಡಿಗೆ ಪುನಃ ಹೋದೆ, ಗಡ್ಡಕ್ಕೆ. ಓಮ್ನಿಯಲ್ಲಿ ಬಂದ ಫಾರ್ವರ್ಡಿನ ಕಥೆ ಹೇಳಿದೆ. ಅಂಗಡಿಯವರು ನೊರೆ ಹಚ್ಚುತ್ತಾ ನಕ್ಕರು. “ಐಎಸ್‌ಎಲ್ ಕೂಡ ಈಗ ಅದೇ ಅಲ್ವಾ? ಅರ್ಧ ವರ್ಷಕ್ಕೆ ಆಟಗಾರನನ್ನು ತರೋದು, ಹದಿಮೂರು ಆಡಿಸೋದು, ಕಳಿಸೋದು. ಗ್ಯಾಲರಿ ಮಾತ್ರ ಕಾಂಕ್ರೀಟಿನದ್ದು.”

ಅಳಿಯ ಮೊಬೈಲಿನಿಂದ ತಲೆ ಎತ್ತಲಿಲ್ಲ. “ಹಾಗಾದ್ರೆ ಈ ಸಲ ನಮಗೂ ನಿಮಗೂ ಒಂದೇ ಮ್ಯಾಚು ಮಾವ. ರಿಟರ್ನ್ ಇಲ್ಲ. ಸೋತವರು ಸ್ಟಿಕ್ಕರ್ ತೆಗೀಬೇಕು.”

“ಎಷ್ಟು ದಿನಕ್ಕೆ?”

“ಮುಂದಿನ ಸೀಸನ್ ಶುರುವಾಗುವ ತನಕ.”

ಅಂಗಡಿಯವರು ಕತ್ತಿಯನ್ನು ಟವೆಲಿಗೆ ಒರೆಸಿ ಒಂದು ಕ್ಷಣ ಯೋಚಿಸಿದರು. “ಅದು ಬೇಡ,” ಅಂದರು. “ಒಂದು ತಿಂಗಳು ಅಂತ ಹೇಳು.”